ಪ್ಲಂಬರಣ್ಣ ಬಿಚ್ಚಿದ ಪೈಪು

ಮದ್ದೂರಿನ ಆಸ್ಪತ್ರೆಯಲ್ಲಿ ನಾನು ನರ್ಸಾಗಿದ್ದಾಗ, ಅಲ್ಲಿನ ಪ್ಲಂಬರಣ್ಣ ಬೆಳಿಗ್ಗೆ ಬಂದೊಡನೆ ಯಾರೂ ಬಳಸದ ನಲ್ಲಿಗಳನ್ನೆಲ್ಲ ತಿರುಗಿಸಿ, ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದರು. ನೀರು ದಂಡವೆಂದು ನಾವು ಗೊಣಗಿದರೆ, "ನಿಂತ ನೀರ ನಂಬಬ್ಯಾಡಿ ಸಿಸ್ಟರಮ್ಮ" ಎನ್ನುವರು.

ಒಮ್ಮೆ ಐಸಿಯುವಿನಲ್ಲಿ ಮೂವರಿಗೆ ಒಂದೇ ಸೋಂಕು ತಗುಲಿತು. ಯಾವ ಆಂಟಿಬಯೋಟಿಕ್ಕಿಗೂ ಸುಲಭಕ್ಕೆ ಜಗ್ಗಲಿಲ್ಲ. ಅಂತೂ ಮೂವರೂ ಗುಣವಾದರು. ಆದರೆ ಅದು ಬಂದದ್ದೆಲ್ಲಿಂದ?

ನಿಂತ ನೀರಿನ ಮೇಲೇ ಅನುಮಾನಪಟ್ಟ ಪ್ಲಂಬರಣ್ಣ, ಐಸಿಯುವಿನಲ್ಲಿ ನಾವು ಕೈ ತೊಳೆಯುವ ಸಿಂಕಿನ ಕೆಳಗಿನ ಪೈಪು ಬಿಚ್ಚಿದರೆ, ಒಳಗೆಲ್ಲ ಲೋಳೆ. ಲ್ಯಾಬಿನವರಿಗೆ ಅದರಲ್ಲೂ ಅದೇ ಬ್ಯಾಕ್ಟೀರಿಯಾ ಸಿಕ್ಕಿತು.

"ಇದ್ರೊಳಕ್ಕೆ ಏನೇನ್ ಸುರೀತಿದ್ರಿ?" ಎಂದರು ಪ್ಲಂಬರಣ್ಣ.

ರೋಗಿಗಳು ಕುಡಿದು ಉಳಿಸಿದ ಎಳನೀರು, ಡ್ರಿಪ್ ಬಾಟಲಿಯಲ್ಲಿ ಉಳಿದ ಆಂಟಿಬಯೋಟಿಕ್ಕು, ಎಲ್ಲವನ್ನೂ ಅಲ್ಲಿಗೇ ಸುರಿಯುತ್ತಿದ್ದೆವೆಂದು ಒಪ್ಪಿಕೊಂಡೆ.

ಅವರು ಹೊಸ ಪೈಪು ಬಿಗಿಯುತ್ತಲೇ ಅಂದರು: "ಎಳ್ನೀರೂ ಕುಡ್ಸಿ, ಔಸ್ದೀನೂ ಅಭ್ಯಾಸ ಮಾಡ್ಸಿ, ಆ ಕ್ರಿಮೀನ ಮಕ್ಳಂಗೆ ಸಾಕಿದ್ದೀರಿ ಕಣಮ್ಮ!"