ತೊಟ್ಟಿಲಲ್ಲಿ ಹೇಳದೆ ಬಿಟ್ಟ ಹೆಸರು

ತಿಪ್ಪವ್ವ, ನಿನಗೆ ಈ ಹೆಸರು ಇಟ್ಟವಳು ನಿನ್ನ ಅವ್ವ ಅಲ್ಲ. ನಿನ್ನ ಸೋದರತ್ತೆಯಾದ ನಾನು. ಬೇಕೆಂದೇ ಇಟ್ಟೆ. ಆಮೇಲೆ ಇಷ್ಟು ವರ್ಷ ಅದನ್ನು ಅವಳ ತಲೆಗೆ ಕಟ್ಟಿದೆ.

ತೀರಿಹೋದ ಅವಳ ದಿವಸದ ಊಟ ಮುಗಿಸಿ ನೀನು ಮಡ್ಕಯಿಯ ಕಾರ್ಖಾನೆಗೆ ಮರಳಿದ್ದೀ. ಇಲ್ಲಿ ಅವಳ ಖೋಲಿಯಲ್ಲಿ ನಾನೊಬ್ಬಳೇ. ಎದುರಿಗೆ ಹೇಳಿದರೆ ನಡುವೆ ಸುಳ್ಳು ಸೇರಿಸುತ್ತೇನೆ — ನನ್ನ ಬಾಯಿ ನನಗೆ ಗೊತ್ತು — ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನ ತೊಟ್ಟಿಲಿನ ಹಿಂದಿನ ದಿನ ಎಲ್ಲ ದಿನಗಳ ಹಾಗೆಯೇ ಇತ್ತು. ಕೊಂಕಣಿ ಸೀಮೆಗೆ ದುಡಿಯಲು ಬಂದ ನಮ್ಮಂಥವರು ಸಮುದ್ರದ ದಂಡೆಯಲ್ಲಿ ಕಟ್ಟಿಕೊಂಡಿದ್ದ ಬಾಯ್ನಾದ ಮನೆಗಳನ್ನು ಸರಕಾರ ಇನ್ನೂ ಕೆಡವಿರಲಿಲ್ಲ. ನಿನ್ನಪ್ಪ ಬಂದರಿನ ಕೆಲಸಕ್ಕೆ ಹೋಗಿದ್ದ. ನಿನ್ನ ಅವ್ವ ಶಾಂತಾ ಮತ್ತು ನಾನು ಬಾಗಿಲಲ್ಲಿ ಕುಳಿತು ಗುಗ್ಗರಿಗೆ ಕಡಲೆ ಹಸನು ಮಾಡುತ್ತಿದ್ದೆವು. ಗಂಡ ಬಿಟ್ಟ ಮೇಲೆ ನಾನು ತಮ್ಮನ ಆ ಒಂದೇ ಖೋಲಿಗೆ ಬಂದು ಸೇರಿದ್ದೆ. ಅವಳಿಗೆ ಅದು ಇಷ್ಟವಿರಲಿಲ್ಲ. ನನಗೆ ಅವಳು ಇಷ್ಟವಿರಲಿಲ್ಲ. ಆದರೂ ದಿನಗಳು ನಡೆಯುತ್ತಿದ್ದವು.

ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಹೇಳುವ ತನಕ ಆ ಹೆಸರು ಯಾರ ಬಾಯಿಗೂ ಬರಬಾರದು. ನಾನು ತೀರಿಹೋದ ನಮ್ಮವ್ವನ ಹೆಸರು, ಗೌರವ್ವ ಅಂತ ಇಡೋಣ ಎಂದೆ. ಶಾಂತಾ ಮೊದಲು ನಕ್ಕಳು.

"ಬ್ಯಾಡ್ರಿ ಅಕ್ಕಾರ. ಅತ್ತಿ ಇರೂತನಕ ನನ್ನ ಬೈದ್ರು. ಇನ್ನ ಅವರ ಹೆಸರು ಹಿಡದು ನಾನು ದಿನಾ ಬೈಲಿ ಏನು?"

"ದೊಡ್ಡವರ ಹೆಸರು, ಒಲ್ಲೆ ಅನಬಾರದು" ಎಂದೆ.

ಆಗ ಅವಳು ತಲೆ ಎತ್ತದೆ, ಕಲ್ಲು ಆರಿಸುತ್ತಲೇ ಅಂದಳು: "ಹೆಸರಿಡೂ ಆಸೆ ಇದ್ರ ನೀವ ಒಂದು ಹಡದು ಇಡಬೇಕಿತ್ತು."

ಹತ್ತು ವರ್ಷ ಸಂಸಾರ ಮಾಡಿ, ಹಡೆಯಲಿಲ್ಲವೆಂದೇ ಗಂಡ ಬಿಟ್ಟ ಹೆಂಗಸಿಗೆ ಈ ಮಾತು. ನಾನು ಕಡಲೆ ಆರಿಸುತ್ತಲೇ ಹೋದೆ. ಅವಳಿಗೂ ಜಾಸ್ತಿಯಾಯಿತು ಅನಿಸಿರಬೇಕು. ಸ್ವಲ್ಪ ಹೊತ್ತಿನ ಮೇಲೆ ಹತ್ತಿರ ಸರಿದು ತಾನು ಆರಿಸಿದ್ದ ಹೆಸರನ್ನು ನನ್ನ ಕಿವಿಯಲ್ಲಿ ಹೇಳಿದಳು. ನಿನ್ನಪ್ಪನಿಗೂ ಹೇಳಿರಲಿಲ್ಲ.

"ಹೆಂಗೈತ್ರಿ? ಶಾಲ್ಯಾಗ ಬಾಯಾರು ಕೂಗಿದ್ರ ಎದ್ದು ನಿಲ್ಲಾಕ ನಾಚಿಕಿ ಬರಬಾರದು. ಲಗ್ನಪತ್ರಿಕ್ಯಾಗ ಚಲೋ ಕಾಣಬೇಕು. ಮುದುಕಿ ಆದ್ರೂ ಒಪ್ಪಬೇಕು. ಆ ಮೂಲಿಮನ್ಯಾಕಿ ಮಗಳಿಗೆ ಪಿಂಕಿ ಅಂತ ಇಟ್ಟಾಳ. ನಾಳಿ ಹಲ್ಲೆಲ್ಲ ಉದುರಿದ ಮ್ಯಾಲೆ ಪಿಂಕಿ ಅಜ್ಜಿ ಅಂತ ಕರೀತಾರೇನು?"

ಇಬ್ಬರೂ ನಕ್ಕೆವು. ನಾನೂ ನಕ್ಕೆ. ಚಲೋ ಐತಿ ಎಂದೆ. ಖರೇ ಚಲೋ ಇತ್ತು.

ಮರುದಿನ ಸೀರೆಯ ತೊಟ್ಟಿಲಲ್ಲಿ ನಿನ್ನನ್ನು ಹಾಕಿದರು. ನಾನು ಬಗ್ಗಿ, ಕಿವಿಯಲ್ಲಿ ಕುರ್ರ್ ಎಂದು, ತಿಪ್ಪವ್ವ ಎಂದೆ. ಮೂರು ಸಲ. ಕೊನೆಯ ಸಲ ಎಲ್ಲರಿಗೂ ಕೇಳುವ ಹಾಗೆ. ಹೆಂಗಸರು ರೂಢಿಯಂತೆ ನನ್ನ ಬೆನ್ನಿಗೆ ಗುದ್ದಿದರು. ಶಾಂತಾ ಗುದ್ದಲಿಲ್ಲ.

"ಏನ್ರಿ ಅಕ್ಕಾರ ಇದು?"

ನಾನು ಮೊದಲೇ ತಯಾರಿದ್ದೆ. "ಅವ್ವ ಕನಸಿನ್ಯಾಗ ಬಂದಿದ್ಲು. ಮೊದಲಿನ ಎರಡೂ ಕೂಸು ಉಳೀಲಿಲ್ಲ, ಇದನ್ನ ತಿಪ್ಪಿಗೆ ಒಪ್ಪಿಸ್ರಿ ಅಂದ್ಲು. ನೀ ಆರಿಸಿದ ಹೆಸರು ಇನ್ನೊಮ್ಮೆ ಬಾಯಾಗ ತಂದ್ರ ಇದೂ ಉಳಿಯೂದಿಲ್ಲಂತ."

ಕೂಸುಗಳು ಉಳಿಯದ ಮನೆಯಲ್ಲಿ ಸಾವು ಮೂಸಿ ನೋಡದಿರಲಿ ಎಂದು ಕೆಟ್ಟ ಹೆಸರು ಇಡುವುದು ನಮ್ಮಲ್ಲಿ ಹೊಸದಲ್ಲ. ಯಾರೂ ಅನುಮಾನ ಪಡಲಿಲ್ಲ. ಎರಡು ಕೂಸು ಕಳೆದುಕೊಂಡವಳು ಹೇಗೆ ಅನುಮಾನ ಪಟ್ಟಾಳು? ಅಂದೇ ಸಂಜೆ ನಿನ್ನನ್ನು ಮೊರದಲ್ಲಿ ಮಲಗಿಸಿಕೊಂಡು, ದಂಡೆಯ ಕಸದ ತಿಪ್ಪೆಯ ಮೇಲೆ ತನ್ನ ಕೈಯಾರೆ ಇಟ್ಟಳು. ನೆರೆಮನೆಯ ಫಾತಿಮಾಬಿ ಒಂದು ಹಿಡಿ ನುಚ್ಚು ಕೊಟ್ಟು ನಿನ್ನನ್ನು ಕೊಂಡು, "ಭಾಳ ತುಟ್ಟಿ ಆತು ಬಿಡವಾ, ಮೂಗೂ ಇಲ್ಲ" ಎಂದು ಚೇಷ್ಟೆ ಮಾಡಿ ಅವಳ ಉಡಿಗೇ ಹಾಕಿದಳು. ಎಲ್ಲರೂ ನಕ್ಕರು. ಶಾಂತಾ ನಿನ್ನನ್ನು ಒರೆಸುತ್ತಲೇ ಇದ್ದಳು — ಮೈಗೆ ಏನೂ ಹತ್ತಿರಲಿಲ್ಲ, ಆದರೂ.

ಅವ್ವ ಕನಸಿನಲ್ಲಿ ಬಂದಿರಲಿಲ್ಲ.

ನೀನು ಉಳಿದೆ. ನನ್ನ ಸುಳ್ಳು ಅವಳ ಕಣ್ಣಿನಲ್ಲಿ ಸತ್ಯವಾಯಿತು.

ನೀನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಶಾಲೆಯಿಂದ ಬಂದು ಪಾಟಿಚೀಲ ಒಗೆದದ್ದು ನೆನಪಿದೆಯೇ? ಕನ್ನಡದ ಹುಡುಗರು ನಿನ್ನ ಹೆಸರಿನ ಅರ್ಥವನ್ನು ಕೊಂಕಣಿ ಹುಡುಗರಿಗೆಲ್ಲ ಬಿಡಿಸಿ ಹೇಳಿದ್ದರು. "ಯಾರು ಇಟ್ರು ಈ ಹೆಸರು?" ಎಂದು ಕೂಗಿದೆ. ಶಾಂತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. ಆಗಲಾದರೂ ನಿಜ ಹೇಳಲು ನನಗೆ ಅವಕಾಶವಿತ್ತು.

"ನಿಮ್ಮವ್ವನ್ನ ಕೇಳು. ಆಕೀನ ನಿನ್ನ ತಿಪ್ಪಿ ಮ್ಯಾಲೆ ಇಟ್ಟು ಬಂದಾಕಿ" ಎಂದೆ.

ಅವಳು ಬಾಯಿ ತೆರೆಯಲಿಲ್ಲ. ತೆರೆದರೆ ಆ ಇನ್ನೊಂದು ಹೆಸರು ಹೊರಬಂದೀತು, ನೀನು ಸತ್ತೀಯ ಎಂಬ ಹೆದರಿಕೆ. ಅಂದಿನಿಂದ ನೀನು ಅವಳನ್ನು ದ್ವೇಷಿಸಿದೆ. ಕಾರ್ಖಾನೆಯಲ್ಲಿ ಟೀನಾ ಎಂದು ಕರೆಸಿಕೊಂಡೆ. ಮದುವೆಯಲ್ಲಿ ಅವಳನ್ನು ಹಿಂದಿನ ಸಾಲಿನಲ್ಲಿ ಕೂರಿಸಿದೆ. ಹಬ್ಬಕ್ಕೆ ನನಗೆ ಸೀರೆ ತಂದೆ, ಅವಳಿಗೆ ತರಲಿಲ್ಲ. ನಾನು ಆ ಸೀರೆಗಳನ್ನು ಉಟ್ಟೆ, ಅವಳ ಮುಂದೆಯೇ. ನಿನ್ನ ಸಿಟ್ಟು ನನಗೆ ಹಿತವಾಗಿತ್ತು ತಿಪ್ಪವ್ವ. ನಾನು ಹಡೆಯದಿದ್ದರೂ ನೀನು ನನ್ನ ಕಡೆಗೆ ಇದ್ದೆ.

ಆಸ್ಪತ್ರೆಯಲ್ಲಿ ಕೊನೆಗೆ ನಾನೇ ಅವಳ ಹತ್ತಿರ ಇದ್ದೆ. ನೀನು ರಜೆ ಸಿಗಲಿಲ್ಲ ಎಂದೆ. ಅವಳು ನಿನ್ನ ಬಗ್ಗೆ ಕೇಳಿದ್ದು ಒಂದೇ: "ಆಕಿ ದೊಡ್ಡಾಕಿ ಆದ್ಲಲ್ರಿ, ಈಗ ಹೇಳಿದ್ರ ಏನಾಗೂದಿಲ್ಲಲ್ಲ?" ಆ ಹೆಸರನ್ನು ಹೇಳಲು ಅವಳು ನನ್ನ ಅಪ್ಪಣೆ ಕೇಳುತ್ತಿದ್ದಳು. ಕನಸು ಸುಳ್ಳು ಎಂಬ ಒಂದು ಮಾತು ಸಾಕಿತ್ತು.

"ಬ್ಯಾಡ. ಬಸಿರಿ ಅದಾಳ" ಎಂದೆ.

ಅವಳು ತಲೆ ಆಡಿಸಿದಳು. ಮರುದಿನ ಮಧ್ಯಾಹ್ನ ಹೋದಳು.

ದಿವಸದ ದಿನ ಪಾತ್ರೆ ತೊಳೆಯುತ್ತ ನೀನು ನನಗೆ ಹೇಳಿದೆ: "ಅತ್ತಿ, ಹೆಣ್ಣಾದ್ರ ಒಂದು ಚಲೋ ಹೆಸರು ಹುಡುಕ್ರಿ. ಸಣ್ಣಾಕಿ ಇದ್ದಾಗೂ, ದೊಡ್ಡಾಕಿ ಆದ ಮ್ಯಾಲೂ ಹೊಂದಬೇಕು. ನಮ್ಮವ್ವನಂಗ ಕಸಾ ಒಗದಂಗ ಒಗಿಯಾಕಿ ಅಲ್ಲ ನಾನು."

ಅವಳ ಮಾತೇ ನಿನ್ನ ಬಾಯಲ್ಲಿ. ತೊಳೆದಿಟ್ಟ ತಟ್ಟೆಯನ್ನೇ ನಾನು ಮತ್ತೆ ತೊಳೆದೆ. ನೀನು ಅದನ್ನು ದುಃಖ ಎಂದುಕೊಂಡೆ.

ಕ್ಷಮಿಸು ಎಂದು ಕೇಳುವುದಿಲ್ಲ. ನಾನು ಹಡೆಯದ್ದರ ಬಗ್ಗೆ ಅವಳು ಆಡಿದ ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಹೀಗಿರುವಾಗ ನಿನ್ನನ್ನು ಯಾವ ಬಾಯಿಂದ ಕೇಳಲಿ? ನಿನ್ನ ಕೂಸಿನ ತೊಟ್ಟಿಲಿಗೆ ಬರುವುದಿಲ್ಲ. ನೀನು ಕರೆಯುವುದೂ ಬೇಡ. ಆದರೆ ಆ ಹೆಸರನ್ನು ಈ ಕಾಗದದಲ್ಲಿ ಬರೆದು ಕಳಿಸಬೇಕು, ನಿನ್ನ ಅವ್ವ ನಿನಗೆಂದು ಆರಿಸಿದ್ದನ್ನು, ಹೆಣ್ಣಾದರೆ, ನೀನು ನಿನ್ನ ಮಗಳಿಗೆ ಇಡುವಂತಾಗಲಿ ಎಂದೇ ಬರೆಯಲು ಕುಳಿತೆ. ಮೂರು ದಿನದಿಂದ ಕುಳಿತಿದ್ದೇನೆ. ಕಡಲೆ ನೆನಪಿದೆ. ಅವಳ ಬಿಸಿ ಉಸಿರು ಕಿವಿಗೆ ತಾಗಿದ್ದು ನೆನಪಿದೆ. ನಕ್ಕದ್ದು ನೆನಪಿದೆ.

ಹೆಸರು ನೆನಪಿಲ್ಲ.