ತಾಯಿ ಒಪ್ಪುವ ತನಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಡಿನ ಫಾರ್ಮಿನ ಮೂಲೆಯ ಗೂಡಿನಲ್ಲಿ ಅಕ್ಕ ಒಣಹುಲ್ಲಿನ ಮೇಲೆ ಮಂಡಿಯೂರಿ ಕೂತಿದ್ದಾರೆ. ಎದುರಿಗೆ ಕಪ್ಪು ಆಡೊಂದು ತನ್ನ ಚೊಚ್ಚಲ ಮರಿಯನ್ನು ನೆಕ್ಕುತ್ತಿದೆ. ಮರಿ ಉಸಿರಾಡುತ್ತಿಲ್ಲ. ಬಾಯಿಯ ಲೋಳೆ ತೆಗೆದು, ಹುಲ್ಲುಕಡ್ಡಿಯಿಂದ ಮೂಗು ಕೆಣಕಿ, ಎದೆ ತಿಕ್ಕಿ, ಮಾಡಬೇಕಾದ್ದನ್ನೆಲ್ಲ ಮಾಡಿ ಅಕ್ಕ ಕೈಚೆಲ್ಲಿದ್ದಾರೆ. ಆಡಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ. ಅದು ಮೆಲುದನಿಯಲ್ಲಿ ಮರಿಯನ್ನು ಕರೆಯುತ್ತಲೇ ಇದೆ, ಕೇಳುವವರಿಗೇ ಸಂಕಟ.

ಪಕ್ಕದ ಗೂಡಿನಲ್ಲಿ ಬಿಳಿ ಆಡು ಮೂರು ಮರಿ ಹಾಕಿದೆ. ಇರುವುದು ಎರಡೇ ಮೊಲೆ. ಗಟ್ಟಿಮುಟ್ಟಾದ ಅಣ್ಣಂದಿರ ನೂಕಾಟದಲ್ಲಿ ಪುಟ್ಟ ತಂಗಿಗೆ ಜಾಗವಿಲ್ಲ, ಮೂಲೆಯಲ್ಲಿ ನಡುಗುತ್ತಿದೆ. ಬೇಗ ಗಿಣ್ಣುಹಾಲು ಹೊಟ್ಟೆ ಸೇರದಿದ್ದರೆ ಇದೂ ಕೈಬಿಟ್ಟುಹೋಗುತ್ತದೆ. ಇಲ್ಲಿ ಹಾಲಿದೆ, ಅಲ್ಲಿ ಮರಿಯಿದೆ, ಜೋಡಿಸಿಬಿಟ್ಟರಾಯಿತಲ್ಲ ಎನ್ನಬಹುದು. ಆಡು ಒಪ್ಪಬೇಕಲ್ಲ!

"ತನ್ನ ವಾಸನೆ ಇದ್ರೆ ಮಗು, ಇಲ್ದಿದ್ರೆ ಕಳ್ಳ. ಅವಕ್ಕೆ ಅಷ್ಟೇ ಗೊತ್ತು," ಎನ್ನುತ್ತಾರೆ ಅಕ್ಕ.

ಹೆಸರಿಗೆ ಕೂಲಿಯಾಳು, ಮಾಡುವುದು ಸೂಲಗಿತ್ತಿಯ ಕೆಲಸ. ಇನ್ನೂರು ಆಡುಗಳ ಈ ಫಾರ್ಮಿನಲ್ಲಿ ಯಜಮಾನರಿಂದ ಹಿಡಿದು ಹಾಲಿನ ವ್ಯಾನಿನ ಡ್ರೈವರ್‌ವರೆಗೆ ಎಲ್ಲರಿಗೂ ಅವರು ಅಕ್ಕನೇ. ಮರಿ ಹಾಕುವ ಕಾಲ ಬಂತೆಂದರೆ ದಿನಕ್ಕೆ ಐದಾರು ಹೆರಿಗೆ, ಊಟ ನಿಂತಲ್ಲೇ. ಎಷ್ಟೇ ಜೋಪಾನ ಮಾಡಿದರೂ ಹತ್ತಕ್ಕೊಂದು ಮರಿ ಕೈತಪ್ಪಿಹೋಗುತ್ತದೆ. ಆ ದಿನಗಳಲ್ಲಿ ಅಕ್ಕ ಪರಿಮಳದ ಸೋಪು ಮುಟ್ಟುವುದಿಲ್ಲ. "ಬಸ್ಸಲ್ಲಿ ನಮ್ಮ ಅತ್ತಿಗೆಗೆ ಸೀಟು ಗ್ಯಾರಂಟಿ, ಪಕ್ಕದ ಸೀಟೂ ಖಾಲಿ," ಎಂದು ನಾದಿನಿ ರೇಗಿಸುತ್ತಾಳೆ.

ಈ ಹಟದ ಹಿಂದೊಂದು ನೋವಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಆಗಷ್ಟೇ ಹುಟ್ಟಿದ ಮರಿಯೊಂದನ್ನು ಮುದ್ದು ಉಕ್ಕಿ ಬಂದು ಬಿಸಿನೀರು, ಸೋಪು ಹಾಕಿ ಮಿರಮಿರ ಮಿಂಚುವಂತೆ ತೊಳೆದುಬಿಟ್ಟಿದ್ದರು. ತಾಯಿ ಮೂಸಿತು, ಗುರುತು ಹತ್ತಲಿಲ್ಲ, ಒದ್ದು ದೂರ ಮಾಡಿತು. ಬಾಟಲಿ ಹಾಲೂ ಹಿಡಿಸದೆ ಮರಿ ತೀರಿಕೊಂಡಿತು. "ಮಗು ಅಂದ್ಮೇಲೆ ಸ್ನಾನ ಮಾಡಿಸ್ಬೇಕು ಅನ್ಕೊಂಡಿದ್ದೆ. ನನ್ನ ಪ್ರೀತಿನೇ ಅದಕ್ಕೆ ಮುಳುವಾಯ್ತು. ಎಷ್ಟೋ ದಿನ ಊಟ ಸೇರ್ಲಿಲ್ಲ ನಂಗೆ."

ಈಗ ಅಕ್ಕ ಸತ್ತ ಮರಿಯನ್ನು ಮೆಲ್ಲಗೆ ಸರಿಸಿ, ಅದರ ಮೈಯ ಹಸಿ ಲೋಳೆಯನ್ನು ಅಂಗೈತುಂಬ ತೆಗೆದು, ಪಕ್ಕದ ಗೂಡಿನಿಂದ ತಂದ ಪುಟ್ಟ ಮರಿಗೆ ಸವರುತ್ತಾರೆ. "ಬೇಜಾರಾಗ್ಬೇಡ ತಾಯಿ," ಎಂದು ಕಪ್ಪು ಆಡಿನ ಮುಂದಿಡುತ್ತಾರೆ. ಆಡು ತಲೆ ಮೂಸುತ್ತದೆ, ಬೆನ್ನು ಮೂಸುತ್ತದೆ. ಬಾಲದ ಹತ್ತಿರ ಬಂದದ್ದೇ ತಡ, ಹಣೆಯಿಂದ ಗುದ್ದುತ್ತದೆ. ಮರಿ ಮಗುಚಿ ಬೀಳುತ್ತದೆ.

"ಅಲ್ಲಿನ್ನೂ ಹಳೇ ಮನೆ ವಾಸನೆ ಇದೆ," ಎಂದು ಅಕ್ಕ ಬಾಲದ ಸುತ್ತ ಮತ್ತೆ ಸವರುತ್ತಾರೆ. ಬಾಗಿಲಲ್ಲಿ ನಿಂತ ಯಜಮಾನರು ಕೇಳುತ್ತಾರೆ, "ಬಾಟಲಿ ತರ್ಲಾ ಅಕ್ಕಾ?"

"ಸ್ವಲ್ಪ ತಡೀರಿ. ಅವಸರ ಮಾಡಿದ್ರೆ ಇವಳು ಮುನಿಸ್ಕೋತಾಳೆ."

ಆಡನ್ನು ಮಂಡಿಯಿಂದ ಒತ್ತಿ ನಿಲ್ಲಿಸಿ, ಮೊಲೆಯನ್ನು ಮರಿಯ ಬಾಯಿಗಿಡುತ್ತಾರೆ. ಮರಿಗೆ ಚೀಪುವ ಶಕ್ತಿಯೂ ಇದ್ದಂತಿಲ್ಲ. ಬೆರಳಿನಿಂದ ಹಾಲು ಹಿಂಡಿ ನಾಲಿಗೆಗೆ ತಾಗಿಸುತ್ತಾರೆ, ಮತ್ತೆ ತಾಗಿಸುತ್ತಾರೆ. ಕೊನೆಗೊಮ್ಮೆ ಮರಿ ಕಚ್ಚಿ ಹಿಡಿಯುತ್ತದೆ. ಆಡು ಕುತ್ತಿಗೆ ತಿರುಗಿಸಿ ಬಾಲ ಮೂಸುತ್ತದೆ. ಅಕ್ಕ ಉಸಿರು ಬಿಗಿಹಿಡಿದಿದ್ದಾರೆ. ಆಡು ಇನ್ನೊಮ್ಮೆ ಮೂಸಿ, ನೆಕ್ಕತೊಡಗುತ್ತದೆ. ಅಕ್ಕ ಮೆಲ್ಲಗೆ ಮಂಡಿ ಸರಿಸಿದರೂ ಅದು ಕದಲುವುದಿಲ್ಲ. ಅಕ್ಕನ ಕಣ್ಣಲ್ಲಿ ನೀರು, ಅದನ್ನು ಅವರೇನೂ ಮುಚ್ಚಿಡುವುದಿಲ್ಲ.

"ಒಂದು ಹೋಯ್ತು, ಒಂದು ಉಳೀತು. ಸರಿಹೋಯ್ತು ಬಿಡಿ," ಎಂದು ಯಜಮಾನರು ಸಮಾಧಾನ ಹೇಳುತ್ತಾರೆ.

"ಸರಿಹೋಗಲ್ಲ ಯಜಮಾನ್ರೇ. ಇದು ಉಳಿದಿದ್ದು ಖುಷಿನೇ. ಹಂಗಂತ ಅದು ಹೋಗಿದ್ದು ಸುಳ್ಳಾಗುತ್ತಾ?"

ಸತ್ತ ಮರಿಯನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಅಕ್ಕ ಫಾರ್ಮಿನ ಹಿಂದಕ್ಕೆ ನಡೆಯುತ್ತಾರೆ. ಸತ್ತ ಮರಿಗಳಿಗೆಂದೇ ಇಟ್ಟ ಗುದ್ದಲಿಯಿಂದ ಮರದಡಿ ತಾವೇ ಗುಂಡಿ ತೋಡುತ್ತಾರೆ, ತಾವೇ ಮಣ್ಣು ಮುಚ್ಚುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ, ಬಳಸಿ ಬಳಸಿ ಅಲಗು ಹೊಳೆಯುವ ಗುದ್ದಲಿಯನ್ನು ಒರೆಸಿ ಗೋಡೆಗೆ ಒರಗಿಸುತ್ತಾರೆ.

"ಒಂದೇ ಒಂದು ವರ್ಷ ಇದಕ್ಕೆ ತುಕ್ಕು ಹಿಡಿದಿದ್ದನ್ನ ನೋಡ್ಬೇಕು."