ನೀರು ಕುಡಿಸದ ಬೂದಿ

ಮಹಾದೇವಿ, ನಿನ್ನ ತಿಮಿಂಗಿಲ ಸುಟ್ಟದ್ದು ಬಲ್ಬಿನಿಂದಲ್ಲ. ನಾನು ಕೊಟ್ಟ ಬೂದಿಯಿಂದ. ಅದು ಆರಿಲ್ಲವೆಂದು ನನಗೆ ಗೊತ್ತಿತ್ತು — ಗೊತ್ತಿದ್ದೇ ಕೊಟ್ಟೆ.

ರಾಯಚೂರಿನ ನಮ್ಮ ಕಾಲೇಜಿನ ಪ್ರದರ್ಶನಕ್ಕೆ, ಪ್ಲಾಸ್ಟಿಕ್ ನುಂಗಿ ಸಾಯುವ ಕಡಲಜೀವಿಗಳ ಮೇಲೆ ನಾವೆಲ್ಲ ಕಲಾಕೃತಿ ಮಾಡುತ್ತಿದ್ದೆವು. ನಿಮ್ಮ ಗಬ್ಬೂರಿನವರಾಗಲಿ ನಮ್ಮ ಮಾನ್ವಿಯವರಾಗಲಿ ಕಡಲು ಕಂಡವರೆಷ್ಟು ಜನ? ನಾನು ನೀಲಿ ಬಳಿದು ಆಮೆ ಬರೆದಿದ್ದೆ. ನೀನು ಅದರೆದುರು ನಿಂತು ಎಲ್ಲರನ್ನೂ ಕರೆದೆ.

“ಲೇ ವಿರುಪಾಕ್ಷಿ, ಇದು ಸಮುದ್ರೇನೋ, ನಿಮ್ಮ ಅಕ್ಕಿ ಮಿಲ್ಲಿನ ತೊಟ್ಟಿಯೇನೋ? ನಿಮ್ಮಪ್ಪ ಹೊಲಸು ನೀರು ಹಳ್ಳಕ್ಕ ಬಿಡ್ತಾನ, ಹಳ್ಳ ಹೊಳಿಗೆ ಹೋಗ್ತದ, ಹೊಳಿ ಸಮುದ್ರಕ್ಕ. ಮೀನ ಕೊಲ್ಲಾವ್ರ ಮಗ ಆಮಿ ಬರ್ಯಾಕತ್ಯಾನ, ನೋಡ್ರಿ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ನಿನ್ನನ್ನು ಬಿಡಬಾರದು ಅಂದುಕೊಂಡೆ.

ಹರಿದ ಪ್ಲಾಸ್ಟಿಕ್ ಅಕ್ಕಿಚೀಲಗಳನ್ನು ಹೊಲಿದು ನೀನು ಕಟ್ಟಿದ ತಿಮಿಂಗಿಲ ಒಳಗೊಂದು ಬಲ್ಬು ಉರಿಸಿಕೊಂಡು ಸಭಾಂಗಣದ ತುಂಬ ತೂಗುತ್ತಿತ್ತು. ಅದರ ಹೊಟ್ಟೆಯ ಮೇಲೆ, ಎಲ್ಲರಿಗೂ ಕಾಣುವಂತೆ, ನಮ್ಮ ಮಿಲ್ಲಿನ ಕೆಂಪು ಜೋಡೆತ್ತಿನ ಗುರುತು. ಆಮೇಲೆ ನೀನೇ ಬಂದೆ. ಎಣ್ಣೆ ಸೋರಿ ಕಪ್ಪಾದ ಕಡಲತಳ ತೋರಿಸಬೇಕಿತ್ತು ನಿನಗೆ.

“ಸಿಟ್ಟು ಇಳೀತೋ ಇಲ್ಲೋ? ನಿಮ್ಮ ಮಿಲ್ಲಿನ ಹೊಟ್ಟಿನ ಬೂದಿ ಒಂದು ಡ್ರಮ್ ತಂದು ಕೊಡೋ ಮಾರಾಯ.”

ಭತ್ತ ಕುದಿಸಲು ಸುಟ್ಟ ಹೊಟ್ಟಿನ ಬೂದಿ ಮೇಲೆ ತಣ್ಣಗಿರುತ್ತದೆ. ಒಳಗೆ ದಿನಗಟ್ಟಲೆ ಕೆಂಡ. ನೀರು ಕುಡಿಸದೆ ಅದನ್ನು ಯಾವ ಹಮಾಲನೂ ಮುಟ್ಟುವುದಿಲ್ಲ. ಅಂಬೆಗಾಲಿಡುವಾಗಿನಿಂದ ಅವ್ವ ಗದರುತ್ತಿದ್ದಳು — “ನೀರು ಕುಡಿಸದ ಬೂದ್ಯಾಗ ಕಾಲಿಡಬ್ಯಾಡ್ರಲೇ!” ನಾನು ಗುಡ್ಡೆಯ ನಡುವಿನಿಂದಲೇ ತುಂಬಿದೆ. ಮೇಲೆ ಒಂದು ಪದರ ತಣ್ಣನೆಯದು ಹರಡಿದೆ. ಕೆಂಪು ಗುರುತು ಸುಡಲಿ, ನೀನು ಅಳಲಿ — ಅಷ್ಟೇ ಬಯಸಿದ್ದೆ ಎಂದು ಬರೆಯಹೊರಟೆ. ಅಷ್ಟೇ ಏನು?

ನೀನು ಕೇಳಿದೆ: “ಆರ್‍ಯಾದಿಲ್ಲೋ?”

ನಾನು ಹೇಳಿದೆ: “ನಿನ್ನೇನೇ ಆರ್‍ಯಾದ. ಕೈ ಹಾಕು.”

ನೀನು ಡ್ರಮ್ಮನ್ನು ತಿಮಿಂಗಿಲದ ಕೆಳಗೆ ಸುರಿದು, ಬಲಗೈಯಿಂದ ಹರಡಿದೆ. ಗಾಳಿ ತಾಗಿತು. ನಿನ್ನ ಕೂಗು — ಇಳಿಬಿದ್ದ ಬಾಲದ ಚೀಲ ಹೊತ್ತಿದ್ದು — ಮೇಲಿನಿಂದ ಉರಿಯುತ್ತ ತೊಟ್ಟಿಕ್ಕಿದ ಪ್ಲಾಸ್ಟಿಕ್ — ಎಲ್ಲರೂ ಬಾಗಿಲಿಗೆ ಓಡುತ್ತಿದ್ದರು. ನಾನು ಬಾಗಿಲಲ್ಲೇ ಇದ್ದೆ. ಜೋಡೆತ್ತು ಮುದುಡಿ ಕರಗುವುದನ್ನು ನೋಡುತ್ತಿದ್ದೆ. ಆ ಗಳಿಗೆಯಲ್ಲಿ ನನಗೆ ಖುಷಿಯಾಗಿತ್ತು, ಮಹಾದೇವಿ. ನಿನ್ನನ್ನು ಎಳೆದು ತಂದವರು ಬೇರೆಯವರು.

ಮೇಲಿನಿಂದ ಬೆಂಕಿ ಬಿದ್ದೇ ಬೂದಿ ಕಾದಿತೆಂದು ನಂಬಿ, ಆಸ್ಪತ್ರೆಯಲ್ಲಿ ನೀನೇ ಅಂದೆ, “ಬಲ್ಬ್ ಚೀಲಕ್ಕ ಹತ್ರ ಕಟ್ಟಿದ್ದೆ. ತಪ್ಪು ನಂದ.” ನಾನು ಹೌದೆಂದು ತಲೆಯಾಡಿಸಿದೆ.

ಈಗ ನೀನು ದೇವದುರ್ಗದಲ್ಲಿ ಶಾಲೆಯ ಟೀಚರು. ಸೀಮೆಸುಣ್ಣವನ್ನು ಎಡಗೈಯಲ್ಲಿ ಹಿಡಿಯುತ್ತೀಯಂತೆ. ಚಿತ್ರ ಬರೆದುಕೊಡಿ ಎಂದು ಮಕ್ಕಳು ಕೇಳಿದರೆ ಮಾತು ಮರೆಸುತ್ತೀಯಂತೆ. ಚೀಲ ಸುಟ್ಟ ವಾಸನೆ ಬಂದರೆ ನಾನು ಇಂದಿಗೂ ಬಾಗಿಲು ಹುಡುಕುತ್ತೇನೆ. ಅಪ್ಪನ ನಂತರ ಮಿಲ್ಲು ನನ್ನದು. ನೀರು ಇನ್ನೂ ಹಳ್ಳಕ್ಕೇ ಹೋಗುತ್ತಿದೆ. ನೀನು ಅಂದದ್ದು ಸುಳ್ಳಾಗಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಸೋಮವಾರ ನಿಮ್ಮ ಶಾಲೆಗೆ ಬರುತ್ತೇನೆ. ನೀನು ನನಗೆ ಅಂದದ್ದು ಎಲ್ಲರ ಮುಂದೆ. ನಾನೂ ಎಲ್ಲರ ಮುಂದೆಯೇ ಹೇಳುತ್ತೇನೆ — ಬೂದಿ ಆರಿರಲಿಲ್ಲ, ಕೈ ಹಾಕು ಅಂದವನು ನಾನೇ ಎಂದು. ಆಮೇಲೆ ನೀನು ಏನು ಮಾಡಿದರೂ ಬಾಗಿಲ ಕಡೆ ಹೋಗುವುದಿಲ್ಲ.